ಅಪಾಯದ ಜಾಗದಲ್ಲಿರುವ ಊರನ್ನು ಎಬ್ಬಿಸಬೇಕಾ?

ನೆರೆ, ಸುನಾಮಿ, ಜ್ವಾಲಾಮುಖಿ ಮತ್ತೆ ಮತ್ತೆ ಕಾಡುವ ಜಾಗ ಅಂತ ಗೊತ್ತಾದ ಮೇಲೂ ಜನ ಅಲ್ಲೇ ಇರಬೇಕಾ, ಇಲ್ಲ ಸರ್ಕಾರ ಅವರನ್ನು ಬೇರೆ ಕಡೆಗೆ ಸಾಗಿಸಬೇಕಾ? ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತದೆ. ಅದಕ್ಕೇ ಎರಡನ್ನೂ ಬರೆಯುತ್ತಿದ್ದೇನೆ.

ಪರ: ಎಬ್ಬಿಸಬೇಕು, ಅದೂ ಮೊದಲೇ

ಕೊಲಂಬಿಯಾದ ಅರ್ಮೆರೊ ಊರಿನ ಕಥೆ ಓದಿದಾಗಿನಿಂದ ಅದು ನನ್ನ ತಲೆಯಿಂದ ಹೋಗಿಲ್ಲ. ನೆವಾಡೊ ಡೆಲ್ ರೂಯಿಸ್ ಅನ್ನುವ ಜ್ವಾಲಾಮುಖಿಯಿಂದ 1845ರಲ್ಲಿ ಆ ಕಣಿವೆಗೆ ಕೆಸರಿನ ಪ್ರವಾಹ ನುಗ್ಗಿ ನೂರಾರು ಜನ ಸತ್ತಿದ್ದರು. ಅದೇ ಕೆಸರು ಒಣಗಿದ ನೆಲದ ಮೇಲೆ ಆಮೇಲೆ ಊರು ಬೆಳೆಯಿತು. 1985ರ ಅಕ್ಟೋಬರ್‌ನಲ್ಲಿ ತಜ್ಞರು ಅಪಾಯದ ನಕ್ಷೆ ಮಾಡಿದರು, ಅದರಲ್ಲಿ ಅರ್ಮೆರೊ ಇತ್ತು. ನವೆಂಬರ್ 13ರ ಮಧ್ಯಾಹ್ನ ಊರಿನ ಮೇಲೆ ಬೂದಿ ಉದುರಿತು. ಗಾಬರಿ ಬೇಡ, ಮನೆಯೊಳಗೇ ಇರಿ ಅಂತ ಜನರಿಗೆ ಹೇಳಲಾಯಿತು. ರಾತ್ರಿ 9 ಗಂಟೆ ದಾಟುತ್ತಿದ್ದಂತೆ ಬೆಟ್ಟ ಸಿಡಿಯಿತು, ತುದಿಯ ಹಿಮ ಕರಗಿತು, ಆ ನೀರು ಬೂದಿ, ಕಲ್ಲು, ಮಣ್ಣು, ಮರ ಎಲ್ಲವನ್ನೂ ಬಾಚಿಕೊಂಡು ಹೊಳೆಯ ಜಾಡು ಹಿಡಿದು ಇಳಿದು ಊರು ಮುಟ್ಟುವಾಗ ಗಂಟೆ ಹತ್ತಿರ ಹತ್ತಿರ 11.30. 20,000ಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಜನ ಮಲಗಿದ್ದರು.

ಬೆಟ್ಟ ಸುಳ್ಳು ಹೇಳಿರಲಿಲ್ಲ. 1845ರಲ್ಲೇ ತನ್ನ ದಾರಿ ತೋರಿಸಿತ್ತು.

ಜಪಾನಿನ ಅನೆಯೊಶಿ ಅನ್ನುವ ಪುಟ್ಟ ಹಳ್ಳಿಯವರು ಆ ದಾರಿಯನ್ನು ಮರೆಯಲಿಲ್ಲ. 1933ರ ಸುನಾಮಿ ಆದ ಮೇಲೆ ಅಲ್ಲಿ ಒಂದು ಕಲ್ಲು ನೆಟ್ಟರು. ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಅಂತ ಅದರಲ್ಲಿ ಕೆತ್ತಿದೆ. ಜನ ಆ ಮಾತು ಮೀರಲಿಲ್ಲ. 2011ರಲ್ಲಿ ಅಲೆ ಆ ಕಲ್ಲಿನವರೆಗೂ ಬರದೆ ಕೆಳಗೇ ನಿಂತಿತು, ಮೇಲಿನ ಮನೆಗಳು ಉಳಿದವು.

'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಅಂತ ಕೇಳಿ ಎಷ್ಟೋ ಜನ ಸಮಾಧಾನಪಟ್ಟುಕೊಳ್ಳುತ್ತಾರೆ. ಅದರ ಅರ್ಥ ಬೇರೆ. ಪ್ರತಿ ವರ್ಷವೂ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ಶೇ 1 ಇದೆ ಅಂತ. ಒಂದೇ ಮನೆಯಲ್ಲಿ 30 ವರ್ಷ ಇದ್ದರೆ ಆ ಸಾಧ್ಯತೆ ಶೇ 26 ಆಗುತ್ತದೆ. ಮಕ್ಕಳನ್ನು ಮಲಗಿಸುವ ಮನೆಗೆ ಇದು ಜಾಸ್ತಿನೇ, ಅಲ್ವಾ?

ವಿರೋಧ: ಎಬ್ಬಿಸಿ ಎಲ್ಲಿಗೆ ಕಳಿಸುತ್ತೀರಿ?

ಜನ ಸುಮ್ನೆ ಹೋಗಿ ಅಪಾಯದ ಬಾಯಲ್ಲಿ ಕೂತಿಲ್ಲ. ನೆರೆ ತಂದು ಹಾಕುವ ಮೆಕ್ಕಲು ಮಣ್ಣೇ ಹೊಲಕ್ಕೆ ಸತ್ವ. ಜ್ವಾಲಾಮುಖಿಯ ಬೂದಿಯೂ ಕಾಲಾಂತರದಲ್ಲಿ ಒಳ್ಳೆಯ ಬೆಳೆ ಕೊಡುವ ನೆಲವಾಗುತ್ತದೆ. ಅನ್ನ ಕೊಡುವ ಹೊಳೆಯೇ ಒಂದು ದಿನ ಮನೆಗೂ ನುಗ್ಗುತ್ತದೆ.

ಮೀನುಗಾರನನ್ನೇ ನೋಡಿ. ಬೆಳಕು ಹರಿಯುವ ಮೊದಲೇ ಎದ್ದು ಬಾಗಿಲಲ್ಲಿ ನಿಂತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಅಲೆಯ ಸದ್ದು ಹೇಗಿದೆ ಅಂತ ನೋಡಿ ಇವತ್ತು ದೋಣಿ ಇಳಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವವನು ಅವನು. ದೋಣಿ, ಬಲೆ ದಡದಲ್ಲಿ ಕಣ್ಣಳತೆಯಲ್ಲೇ ಇರಬೇಕು. ಐದು ಕಿಲೋಮೀಟರ್ ಒಳಗೆ ಅವನಿಗೆ ಗಟ್ಟಿ ಮನೆ ಕಟ್ಟಿಕೊಟ್ಟರೆ ಜೀವ ಉಳಿಯಬಹುದು, ದುಡಿಮೆ ಉಳಿಯುವುದಿಲ್ಲ. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ದಡದಿಂದ 100 ಮೀಟರ್, ಕೆಲವು ಕಡೆ 200 ಮೀಟರ್ ಒಳಗೆ ಮನೆ ಕಟ್ಟುವಂತಿಲ್ಲ ಅಂದರು. ಮೀನುಗಾರರು ಒಪ್ಪಲಿಲ್ಲ. ಕೊನೆಗೆ ನಿಯಮವನ್ನು ಸಡಿಲಿಸಬೇಕಾಯಿತು.

ಅಪಾಯ ಪ್ರಕೃತಿಯದು. ಸಾವಿನ ಲೆಕ್ಕ ಬಹಳಷ್ಟು ನಮ್ಮ ಕೈಯಲ್ಲಿದೆ. 2010ರ ಫೆಬ್ರವರಿಯಲ್ಲಿ ಚಿಲಿಯಲ್ಲಿ 8.8 ತೀವ್ರತೆಯ ಭೂಕಂಪವಾಯಿತು. ಸತ್ತವರು ಐನೂರರ ಆಸುಪಾಸು. ಅದಕ್ಕೆ ಬರೀ ಆರು ವಾರ ಮೊದಲು ಹೈಟಿಯಲ್ಲಿ ಆಗಿದ್ದು 7.0 ತೀವ್ರತೆಯದು, ಸತ್ತವರು ಲಕ್ಷಕ್ಕೂ ಹೆಚ್ಚು. ಕಂಪನದ ಕೇಂದ್ರ ರಾಜಧಾನಿಗೆ ಹತ್ತಿರ ಇತ್ತು ನಿಜ, ಆದರೆ ತಡೆದುಕೊಳ್ಳುವಂತೆ ಕಟ್ಟಿದ ಕಟ್ಟಡಗಳೇ ಅಲ್ಲಿ ಕಡಿಮೆ ಇದ್ದವು. ಚಿಲಿ ಜನರನ್ನು ಬೇರೆ ದೇಶಕ್ಕೆ ಸಾಗಿಸಲಿಲ್ಲ. ಮನೆ ಕಟ್ಟುವ ನಿಯಮ ಬಿಗಿ ಮಾಡಿತ್ತು.

ಅರ್ಮೆರೊದಲ್ಲೂ ಅಷ್ಟೇ. ಗುಡ್ಡ ನಡೆದು ಹೋಗುವಷ್ಟು ಹತ್ತಿರ ಇತ್ತು. ಎರಡು ಗಂಟೆಗೂ ಹೆಚ್ಚು ಹೊತ್ತು ಕೈಯಲ್ಲಿತ್ತು. ಯಾರಾದರೂ 'ಏಳಿ, ಹತ್ತಿ' ಅಂತ ಕೂಗಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದವೋ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಇಂಡೊನೇಷ್ಯಾದ ಸಿಮೆಲುಯೆ ದ್ವೀಪದಲ್ಲಿ ಆ ಕೂಗು ಇತ್ತು. 1907ರ ಸುನಾಮಿಯಲ್ಲಿ ಬದುಕಿದವರು ಮಕ್ಕಳಿಗೆ, ಮೊಮ್ಮಕ್ಕಳಿಗೆ ಒಂದೇ ಮಾತು ಹೇಳಿಕೊಂಡು ಬಂದಿದ್ದರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡಿ. ಆ ಅಲೆಗೆ ಅವರ ಮಾತಿನಲ್ಲಿ 'ಸ್ಮೊಂಗ್' ಅನ್ನುತ್ತಾರೆ. 2004ರ ಡಿಸೆಂಬರ್ 26ರ ಬೆಳಿಗ್ಗೆ ನೆಲ ನಡುಗಿದಾಗ ಜನ 'ಸ್ಮೊಂಗ್, ಸ್ಮೊಂಗ್' ಅಂತ ಕೂಗಿಕೊಂಡು ಓಡಿದರು. ಆಗ ಸುಮಾರು 78,000 ಜನರಿದ್ದ ದ್ವೀಪದಲ್ಲಿ ಸತ್ತವರು 7 ಮಂದಿ.

ನನ್ನ ಮನಸ್ಸು ಕೊನೆಗೆ ಈ ಕಡೆಗೇ ಜಾಸ್ತಿ ವಾಲುತ್ತದೆ. ಕೆಸರು ಮತ್ತೆ ಬಂದೇ ಬರುವ ಜಾಡಿನಲ್ಲಿ ಹೊಸ ಮನೆ ಬೇಡ, ಅದನ್ನು ಒಪ್ಪುತ್ತೇನೆ. ಆದರೆ ಬಾಂಗ್ಲಾದೇಶದಂಥ ಕಡೆ ಇಡೀ ಕರಾವಳಿಯನ್ನು ಖಾಲಿ ಮಾಡಿಸಲು ಆಗುತ್ತದಾ? ಅಲ್ಲಿ 1970ರ ಚಂಡಮಾರುತಕ್ಕೆ ಕಡಿಮೆ ಅಂದರೂ 3 ಲಕ್ಷ ಜನ ಸತ್ತರು. 2007ರ ಸಿದ್ರ್ ಚಂಡಮಾರುತಕ್ಕೆ ಸತ್ತವರು ಮೂರೂವರೆ ಸಾವಿರದ ಹತ್ತಿರ. ಅದೂ ಕಡಿಮೆಯಲ್ಲ. ನಡುವಿನ ವರ್ಷಗಳಲ್ಲಿ ಎತ್ತರದ ಆಶ್ರಯ ಕಟ್ಟಡಗಳು ಎದ್ದವು, ಸ್ವಯಂಸೇವಕರು ಮೆಗಾಫೋನ್ ಹಿಡಿದು ಮನೆಮನೆಗೆ ಹೋಗಿ ಎಚ್ಚರಿಸತೊಡಗಿದರು. ಆದರೂ ದನ ಬಿಟ್ಟು ಬರುವುದಿಲ್ಲ ಅಂತ ಎಷ್ಟೋ ಮನೆಯವರು ಕೂತುಬಿಡುತ್ತಿದ್ದರು. ಅದಕ್ಕೇ ದನಗಳಿಗೂ ಅಲ್ಲಲ್ಲಿ ಎತ್ತರದ ಮಣ್ಣಿನ ದಿಬ್ಬ ಕಟ್ಟಿಸಿದ್ದಾರೆ.