ಕತ್ತಲಲ್ಲಿ ಏನೋ ನಡೆಯುತ್ತಿದೆಯಂತೆ

ನಿನ್ನೆ ರಾತ್ರಿ ಇಂಟರ್ನೆಟ್ಟಿನಲ್ಲಿ ಸ್ಟ್ರೀಮ್ ಆಗುವ ಸೀರಿಯಲ್ಲೊಂದರಲ್ಲಿ ದೊಡ್ಡ ಯುದ್ಧ ನೋಡಿದೆ. ನೋಡಿದೆ ಅನ್ನುವುದಕ್ಕಿಂತ ಕೇಳಿದೆ ಅನ್ನುವುದೇ ಸರಿ. ಕತ್ತಿ ಖಣಖಣ ಅಂತು, ಯಾರೋ ಕಿರುಚಿದರು, ಯಾರೋ ಸತ್ತರು. ಪರದೆ ಮೇಲೆ ಮಾತ್ರ ಕಪ್ಪು ಚೌಕಗಳು ಒಂದನ್ನೊಂದು ತಳ್ಳಾಡುತ್ತಿದ್ದವು. ಆಮೇಲೆ ನಾಯಕ ಪಂಜು ಹಿಡಿದು ಬಂದ. ಸದ್ಯ, ಬೆಳಕು ಬಂತು ಅಂದುಕೊಂಡೆ. ಪಂಜಿನ ಸುತ್ತ ಅಡ್ಡ ಕೊಯ್ದ ಈರುಳ್ಳಿಯ ಹಾಗೆ ಬಳೆಯೊಳಗೆ ಬಳೆ!

ಹೊಸ ರೋಗವೇನಲ್ಲ ಬಿಡಿ. 2019ರ ಏಪ್ರಿಲ್‌ನಲ್ಲಿ ಇಂಗ್ಲಿಷ್ ಸೀರಿಯಲ್ ‘ಗೇಮ್ ಆಫ್ ಥ್ರೋನ್ಸ್’ನ ರಾತ್ರಿ ಯುದ್ಧದ ಕಂತು ಬಂದಾಗ ಎಷ್ಟೋ ಜನ ಬ್ರೈಟ್‌ನೆಸ್ ಏರಿಸುತ್ತಾ ಕೂತಿದ್ದರಲ್ಲ. ಪಾಪ, 55 ರಾತ್ರಿ ನಿದ್ದೆಗೆಟ್ಟು ಚಿತ್ರೀಕರಿಸಿದ್ದು. ಛಾಯಾಗ್ರಾಹಕರು ಕಂಪ್ರೆಷನ್ನನ್ನೂ (ಕಳಿಸಲು ಹಗುರವಾಗಲಿ ಅಂತ ವಿಡಿಯೋ ಕುಗ್ಗಿಸುವುದು) ದೂರಿದರು, ಜೊತೆಗೆ ಬಹಳ ಜನಕ್ಕೆ ಟೀವಿ ಸರಿಯಾಗಿ ಸೆಟ್ ಮಾಡಲು ಬರುವುದಿಲ್ಲ ಅಂತಲೂ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕು, ಆದರೂ ತಪ್ಪು ನೋಡಲು ಬಂದವನ ಕಣ್ಣಿನದು.

ಹೀಗೆ ವಿಡಿಯೋ ಕುಗ್ಗಿಸುವ ಎನ್‌ಕೋಡರ್ ಮಹಾಶಯನ ಜಿಪುಣತನವನ್ನು ಮೆಚ್ಚಲೇಬೇಕು. ಕತ್ತಲ ಜಾಗದಲ್ಲಿ ವ್ಯತ್ಯಾಸ ಕಡಿಮೆ, ಎಲ್ಲವನ್ನೂ ಒಂದೇ ಕಪ್ಪು ಅಂತ ಬರೆದುಕೊಂಡರೆ ಲೆಕ್ಕದಲ್ಲಿ ದೊಡ್ಡ ತಪ್ಪೇನೂ ಕಾಣುವುದಿಲ್ಲ. ಬಣ್ಣವೂ ಅಷ್ಟೇ, ನಾಲ್ಕು ಪಿಕ್ಸೆಲ್‌ಗೆ ಒಂದು. ಹಂಚಿಕೊಂಡು ಉಟ್ಟುಕೊಳ್ಳಬೇಕು.

ಗ್ರೇನ್ ಕಥೆ ಗೊತ್ತಾ? ಚಿತ್ರಕ್ಕೊಂದು ಜೀವ ಇರಲಿ ಅಂತ ಕ್ಯಾಮೆರಾದವರು ಬೇಕೆಂದೇ ಉಳಿಸಿದ ಸಣ್ಣ ಮರಳು ಮರಳು. ಅದು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ, ಹಾಗಾಗಿ ಕಂಪ್ರೆಷನ್‌ಗೂ ಅದಕ್ಕೂ ಆಗಿಬರುವುದಿಲ್ಲ. ಎವಿ1 ಅನ್ನುವ ಕಂಪ್ರೆಷನ್ ವಿಧಾನದಲ್ಲಿ ಇದಕ್ಕೊಂದು ಉಪಾಯ ಇದೆ. ಮೊದಲು ಗ್ರೇನನ್ನು ಒರೆಸಿಬಿಡುವುದು. ಅದು ಹೇಗಿತ್ತು ಅಂತ ಒಂದು ಚೀಟಿ ಬರೆದು ಜೊತೆಗೆ ಕಳಿಸುವುದು. ನಿಮ್ಮ ಟೀವಿ ಚೀಟಿ ಓದಿಕೊಂಡು ಹೊಸ ಗ್ರೇನ್ ಉದುರಿಸುತ್ತದೆ. ತಲೆ ಬೋಳಿಸಿ ಕೈಗೆ ವಿಗ್ ಕೊಟ್ಟ ಹಾಗೆ. ಸುಳ್ಳು ಯಾಕೆ ಹೇಳಲಿ, ವಿಗ್ ಚೆನ್ನಾಗಿಯೇ ಕೂರುತ್ತದೆ.

ಆದರೆ 4ಕೆ ಅಂತ ಎದೆ ತಟ್ಟಿಕೊಳ್ಳುವುದು ನಿಲ್ಲಿಸಿ ಸ್ವಾಮಿ. 4ಕೆ ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್, ಅಷ್ಟೇ. ಅದರೊಳಗೆ ಎಷ್ಟು ಮಾಹಿತಿ ತುಂಬಿದ್ದೀರಿ ಅನ್ನುವುದು ಬೇರೆ ಮಾತು. 4ಕೆ ಬ್ಲೂ-ರೇ ಡಿಸ್ಕಿಗೆ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಅವಕಾಶ. ಸ್ಟ್ರೀಮಿಂಗ್‌ನಲ್ಲಿ ಹೆಚ್ಚಾಗಿ 15-20ರ ಆಸುಪಾಸು, ಕೆಲವೊಮ್ಮೆ ಅದೂ ಇಲ್ಲ. ಜಾಸ್ತಿ ದುಡ್ಡು ತೆತ್ತು ಮೇಲಿನ ಪ್ಲಾನ್ ತಗೊಂಡವನಿಗೂ ಇದೇ ಗತಿ. ಇದನ್ನು ಯಾವ ಜಾಹೀರಾತಿನಲ್ಲೂ ಹೇಳುವುದಿಲ್ಲ. ಸಾಕಾಗಿಹೋಗಿದೆ, ನಿಜವಾಗಿ.

ಸಹಾಯವಾಣಿಗೆ ಫೋನ್ ಮಾಡಿದೆ. ‘ರೂಮಿನ ಲೈಟ್ ಆರಿಸಿ ನೋಡಿ ಸರ್’ ಅಂದರು. ಆರಿಸಿದೆ. ಈಗ ಚೌಕಗಳನ್ನು ಎಣಿಸಬಹುದು.

ಅಷ್ಟರಲ್ಲಿ ಯುದ್ಧ ಮುಗಿದಿತ್ತು, ಯಾರು ಗೆದ್ದರೋ. ಮೂಲೆಯಲ್ಲಿ ‘ಮುಂದಿನ ಕಂತು’ ಅನ್ನುವ ಬಟನ್ ಮೂಡಿತು. ಅದರ ಒಂದಕ್ಷರವೂ ಮಸುಕಾಗಿರಲಿಲ್ಲ.