ವಿಪತ್ತಿನ ಪಾಠ ಕಲಿಯೋಕೆ ಲಂಡನ್ನಿಗೇ ಹೋಗಬೇಕಾ?

ನಾನಿರುವುದು ಢಾಕಾದಲ್ಲಿ. ಅದಕ್ಕೂ ಮುಂಚೆ ಲಂಡನ್ನಿನಲ್ಲಿ ಓದಿದೆ. ಎರಡೂ ಕಡೆ ವಿಷಯ ಒಂದೇ: ಯುದ್ಧ, ನೆರೆ, ಚಂಡಮಾರುತ ಬಂದಾಗ ಜನರ ಜೀವ ಉಳಿಸುವುದು ಹೇಗೆ ಅನ್ನುವುದು. ಇದನ್ನು ಓದಬೇಕು ಅಂತ ಆಸೆ ಇರುವ ಕನ್ನಡದ ಹುಡುಗ ಹುಡುಗಿಯರು ಆಗಾಗ ಮೆಸೇಜ್ ಮಾಡುತ್ತಾರೆ. ಲಂಡನ್ನಾ, ಬಾಸ್ಟನ್ನಾ, ಜಿನೀವಾನಾ ಅಂತ ಕೇಳುತ್ತಾರೆ. ಢಾಕಾ ಹೇಗೆ ಅಂತ ಒಬ್ಬರೂ ಕೇಳಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

1994ರ ಗೋಮಾ ತಗೊಳ್ಳಿ. ರುವಾಂಡಾದ ನರಮೇಧದ ನಂತರ ಲಕ್ಷಾಂತರ ಜನ ಗಡಿ ದಾಟಿ ಆಗಿನ ಜೈರ್ (ಈಗಿನ ಕಾಂಗೋ) ದೇಶದ ಗೋಮಾ ಊರಿಗೆ ಬಂದರು. ಜುಲೈನಲ್ಲಿ ಕಾಲರಾ ಶುರುವಾಯಿತು, ಹಿಂದೆಯೇ ರಕ್ತಭೇದಿ. ಮೊದಲ ಒಂದು ತಿಂಗಳಲ್ಲೇ ಸುಮಾರು 50,000 ಜನ ಸತ್ತರು. ಹೆಸರುವಾಸಿ ನೆರವು ಸಂಸ್ಥೆಗಳು ಅಲ್ಲಿದ್ದವು, ಡಾಕ್ಟರುಗಳಿದ್ದರು, ಆದರೂ ಸತ್ತರು.

ಅದೇ ಗೋಮಾದಿಂದ ಎರಡು ಬಗೆಯ ಪಾಠ ಹುಟ್ಟಿತು.

ಒಂದು ಯುರೋಪಿನ ದಾರಿ. ನೆರವಿನ ಕೆಲಸಕ್ಕೂ ಒಂದು ಅಳತೆಗೋಲು ಬೇಕು ಅಂತ 1997ರಲ್ಲಿ ಸ್ಫಿಯರ್ ಯೋಜನೆ ಶುರುವಾಯಿತು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ, ಮಲಗೋಕೆ ತಲೆಗೆ 3.5 ಚದರ ಮೀಟರ್ ಜಾಗ. ಲಂಡನ್ನಿನಲ್ಲಿ ನಾನು ಓದಿದ್ದು ಜಾಸ್ತಿ ಇದೇ. ದಿನಕ್ಕೆ 10,000 ಜನರಲ್ಲಿ ಒಬ್ಬರು ಸತ್ತರೆ ಅದು ತುರ್ತುಸ್ಥಿತಿ ಅನ್ನುವ ಲೆಕ್ಕ ಎಲ್ಲರಿಗೂ ಬಾಯಿಪಾಠ. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. 15 ಲೀಟರ್ ಅಂತ ಬರೆದಿಟ್ಟಿರುವುದರಿಂದಲೇ ಅದರ ಅರ್ಧ ಕೊಟ್ಟು ಕೈತೊಳೆದುಕೊಳ್ಳುವವರನ್ನು ನಿಲ್ಲಿಸಿ ಕೇಳೋಕೆ ಆಗುತ್ತದೆ.

ಇನ್ನೊಂದು ಢಾಕಾದ ದಾರಿ. ಐಸಿಡಿಡಿಆರ್‌ಬಿ ಅನ್ನುವ ಸಂಶೋಧನಾ ಕೇಂದ್ರ ಇಲ್ಲಿದೆ, ಊರ ಜನ ಅದನ್ನು ಕಾಲರಾ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಅಲ್ಲಿಂದ ಒಂದು ತಂಡ ಗೋಮಾಕ್ಕೆ ಹೋಗಿತ್ತು. ಚಿಕಿತ್ಸಾ ಕೇಂದ್ರ ತಲುಪಿದವರೂ ಯಾಕೆ ಸಾಯುತ್ತಿದ್ದಾರೆ ಅಂತ ಅವರು ನೋಡಿದರು. 1995ರಲ್ಲಿ ಬರೆದ ಉತ್ತರ ತುಂಬಾ ಸರಳ: ಡ್ರಿಪ್ ನಿಧಾನವಾಗಿ ಹಾಕಿದ್ದರು, ಹಾಕಿದ್ದೂ ಸರಿಯಾದ ದ್ರಾವಣವಲ್ಲ, ಓಆರ್‌ಎಸ್ (ಉಪ್ಪು, ಗ್ಲೂಕೋಸ್ ಕಲಸಿದ ನೀರು) ಸಾಕಷ್ಟು ಕುಡಿಸಿರಲಿಲ್ಲ, ಸಿಬ್ಬಂದಿಗೆ ಕಾಲರಾ ನೋಡಿ ಅನುಭವ ಇರಲಿಲ್ಲ.

ಆ ಅನುಭವ ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕಾದರೆ ಇಲ್ಲಿನ ವಾರ್ಡಿಗೆ ಬನ್ನಿ. ಕಾಲರಾ ಮಂಚದ ನಡುವೆ ದುಂಡಗೆ ಒಂದು ತೂತು, ಮೇಲೆ ಪ್ಲಾಸ್ಟಿಕ್ ಹಾಸು, ತೂತಿನ ಕೆಳಗೆ ಬಕೆಟ್. ಎಷ್ಟು ನೀರು ಹೋಯಿತು ಅಂತ ಬಕೆಟ್ ನೋಡಿ ಅಳೆಯುತ್ತಾರೆ, ಅಷ್ಟೇ ಪ್ರಮಾಣದ ದ್ರಾವಣವನ್ನು ಮೈಗೆ ಸೇರಿಸುತ್ತಾರೆ. ತೀರಾ ಬಳಲಿ ಬಂದ 50 ಕಿಲೋ ತೂಕದವರಿಗೆ ಮೂರು ಗಂಟೆಯಲ್ಲಿ 5 ಲೀಟರ್ ಡ್ರಿಪ್ ಮೈಗೆ ಸೇರಬೇಕು, ಅದರಲ್ಲೂ ಮೊದಲ ಒಂದೂವರೆ ಲೀಟರ್ ಅರ್ಧ ಗಂಟೆಯಲ್ಲೇ. ಬರೀ ಪುಸ್ತಕ ಓದಿ ಬಂದವರಿಗೆ ಇಲ್ಲಿ ಕೈ ನಡುಗುತ್ತದೆ. ಇಷ್ಟು ಬೇಗ ಹಾಕಿದರೆ ಏನಾದರೂ ಆದೀತು ಅಂತ ನಿಧಾನ ಮಾಡುತ್ತಾರೆ, ಆ ನಿಧಾನವೇ ಜೀವ ತೆಗೆಯುತ್ತದೆ. ಇಲ್ಲಿನ ನರ್ಸುಗಳು ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು, ಕಣ್ಣು ಗುಳಿಬಿದ್ದಿದೆಯಾ ಅಂತ ನೋಡಿ, ಆಗಲೇ ಸೂಜಿ ಹಿಡಿದಿರುತ್ತಾರೆ.

ಓಆರ್‌ಎಸ್ ಕಥೆಯೂ ಇದೇ ಅಲ್ವಾ. 1968ರಲ್ಲಿ ಅದನ್ನು ರೋಗಿಗಳಿಗೆ ಕುಡಿಸಿ ಪರೀಕ್ಷಿಸಿದ್ದು ಢಾಕಾದಲ್ಲಿ. 1971ರಲ್ಲಿ ಗಡಿಯಾಚೆ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರು ತುಂಬಿಹೋಗಿ ಡ್ರಿಪ್ ಸಾಲದೆ ಬಂದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾದ ನೀರು ತುಂಬಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ನನಗೆ ಇದೆಲ್ಲಕ್ಕಿಂತ ದೊಡ್ಡದು ಅನಿಸುವುದು ಮತ್ಲಬ್, ಇದೇ ಐಸಿಡಿಡಿಆರ್‌ಬಿ ಕೆಲಸ ಮಾಡುವ ಬಾಂಗ್ಲಾದೇಶದ ಹಳ್ಳಿಗಾಡು. ಅಲ್ಲಿ 1966ರಿಂದ ಮನೆ ಮನೆಗೆ ಹೋಗಿ ಹುಟ್ಟು, ಸಾವು, ಊರು ಬಿಟ್ಟವರು, ಎಲ್ಲ ಬರೆದಿಡುತ್ತಿದ್ದಾರೆ. 1974ರಲ್ಲಿ ಬರಗಾಲ ಬಂದಾಗ ಅದಕ್ಕೆ ಮುಂಚೆ ವರ್ಷಕ್ಕೆ ಎಷ್ಟು ಜನ ಸಾಯುತ್ತಿದ್ದರು ಅನ್ನುವ ಲೆಕ್ಕ ಕೈಯಲ್ಲೇ ಇತ್ತು. ಹಾಗಾಗಿ ಹಸಿವು ಎಷ್ಟು ಜೀವ ತಿಂದಿತು ಅಂತ ಹೇಳಲು ಆಯಿತು. ಜೊತೆಗೆ ಅಲ್ಲಿ ಆಸ್ಪತ್ರೆಯೂ ಇದೆ. ಲೆಕ್ಕ ಕೊಟ್ಟ ಜನಕ್ಕೆ ಚಿಕಿತ್ಸೆಯೂ ಸಿಗುತ್ತದೆ.

ವಿಪತ್ತು ಆದಮೇಲೆ ವಿಮಾನ ಹತ್ತಿ ಬರುವವರಿಗೆ ಈ ಮುಂಚಿನ ಲೆಕ್ಕ ಇರುವುದಿಲ್ಲ. ಬರುತ್ತಾರೆ, ಟ್ಯಾಬ್ಲೆಟ್ ಹಿಡಿದು ಪ್ರಶ್ನೆ ಕೇಳುತ್ತಾರೆ, ಹೋಗುತ್ತಾರೆ. 2017ರಲ್ಲಿ ಮ್ಯಾನ್ಮಾರ್‌ನಿಂದ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಜನ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದ ಮೇಲೆ ಇದನ್ನು ಕಣ್ಣಾರೆ ನೋಡಿದೆ. ಒಂದು ತಂಡ ಕೇಳಿದ್ದನ್ನೇ ಇನ್ನೊಂದು ತಂಡ ಕೇಳುತ್ತಿತ್ತು: ಎಷ್ಟು ಮಕ್ಕಳನ್ನು ಕಳೆದುಕೊಂಡಿರಿ, ರಾತ್ರಿ ನಿದ್ದೆ ಬರುತ್ತದಾ. ಉತ್ತರ ಹೇಳುವ ತಾಯಿಗೆ ಪ್ರತಿ ಸಲವೂ ಅದು ಹೊಸ ಗಾಯ. ಕೇಳಿದವರಿಗೆ ಒಂದು ಪೇಪರ್ ಆಗುತ್ತದೆ, ಅವಳಿಗೇನು ಸಿಗುತ್ತದೆ? ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿ ಸುಮಾರು 7 ಲಕ್ಷ ಜನಕ್ಕೆ ಕಾಲರಾ ಲಸಿಕೆ ಕುಡಿಸಿದರು. ಕಾಲರಾ ಬಲ್ಲವರು ಈ ದೇಶದಲ್ಲೇ ಇದ್ದರು.

ಓದಲು ಹೋಗುವವರು ಹೋಗಿ. ಅಂಕಿಸಂಖ್ಯೆ, ಸಮೀಕ್ಷೆಯ ಶಿಸ್ತು ಅಲ್ಲಿ ಚೆನ್ನಾಗಿ ಕಲಿಸುತ್ತಾರೆ. ಆದರೆ ವರ್ಷವಾದರೂ ಒಂದೇ ಜಾಗದಲ್ಲಿ ನಿಂತು ಕೆಲಸ ಮಾಡಿ. ಇನ್ನು ಸಂಶೋಧನೆಗೆ ದುಡ್ಡು ಕೊಡುವವರಿಗೆ ನಾನು ಹೇಳುವುದು ಇಷ್ಟೇ: ಚಿಕಿತ್ಸೆ ಕೊಡುವ ಕೈಯೊಂದು ಜೊತೆಗಿಲ್ಲದ ಸಮೀಕ್ಷೆಗೆ ಅನುಮತಿಯನ್ನೇ ಕೊಡಬೇಡಿ. ಪ್ರಶ್ನೆ ಕೇಳಿದ ಊರಿನಲ್ಲಿ ಮುಂದಿನ ವರ್ಷವೂ ಇರುವವರ ಹೆಸರಿಗೇ ಮೊದಲು ಚೆಕ್ ಬರೆಯಿರಿ.