ತುತ್ತಿನ ಹೊತ್ತಿಗೆ ಮೊಬೈಲ್: ಕೊಡೋದಾ, ಬೇಡವಾ?

ಪರ

ಎರಡು ವರ್ಷದ ಮಗುವಿಗೆ ಅನ್ನ-ಸಾರು ತಿನ್ನಿಸಿದವರಿಗೆ ಗೊತ್ತು. ಮೂರು ತುತ್ತು ಬಾಯಿಗೆ, ನಾಲ್ಕನೆಯದು ಗೋಡೆಗೆ. ಹಿಂದೆ ಮನೆಯಲ್ಲಿ ಅಜ್ಜಿ ಇರುತ್ತಿದ್ದರು. ತೋರಿಸಲು ಪಕ್ಕದ ಮನೆಯ ಕರು ಇರುತ್ತಿತ್ತು. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಅಮ್ಮ ಒಬ್ಬಳೇ, ಒಂಬತ್ತಕ್ಕೆ ಆಫೀಸಿನ ಕ್ಯಾಬ್ ಬೇರೆ. ಹತ್ತು ನಿಮಿಷ ಮೊಬೈಲ್ ಹಿಡಿದು ಉಣ್ಣಿಸಿದ್ದನ್ನು ತಪ್ಪು ಅನ್ನುವವರು ಒಂದು ದಿನ ಬಂದು ಉಣ್ಣಿಸಿ ನೋಡಲಿ.

ಮೊಬೈಲ್‌ನಲ್ಲಿ ಬರೋದೆಲ್ಲ ಒಂದೇ ಅಲ್ಲ. ದಾವಣಗೆರೆಯ ಅಜ್ಜಿ ವಿಡಿಯೋ ಕಾಲ್‌ನಲ್ಲಿ "ಆ ಮಾಡು ಪುಟ್ಟಾ" ಅಂದರೆ ಮಗು ಬಾಯಿ ತೆರೆಯುತ್ತದೆ. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಎರಡು ವರ್ಷದೊಳಗೆ ಸ್ಕ್ರೀನ್ ಬೇಡ ಅನ್ನುವಾಗಲೂ ಬಂಧುಗಳ ಜೊತೆ ಆಗೊಮ್ಮೆ ಈಗೊಮ್ಮೆ ಮಾಡುವ ವಿಡಿಯೋ ಕಾಲ್‌ಗೆ ವಿನಾಯಿತಿ ಕೊಟ್ಟಿದೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಅಂದಿದೆಯೇ ಹೊರತು ಮುಟ್ಟಲೇಬಾರದು ಅಂದಿಲ್ಲ.

ವಿರೋಧ

ಸುಸ್ತಿನ ಮಾತು ನಿಜ. ಆದರೆ ತಿನ್ನಿಸೋದು ಬರೀ ಹೊಟ್ಟೆ ತುಂಬಿಸೋ ಕೆಲಸ ಅಲ್ಲವಲ್ಲ. ಮಗು ಮುಖ ತಿರುಗಿಸಿದರೆ "ಸಾಕಾ ಕಂದಾ?" ಅನ್ನುತ್ತೇವೆ. ಸಾರು ಖಾರವಾಗಿ ಅದು ಮುಖ ಕಿವುಚಿದರೆ ನಾವೂ ಕಿವುಚುತ್ತೇವೆ. ಬೇರೆಯವರ ಮುಖ ನೋಡಿ ಮನಸ್ಸು ತಿಳಿಯೋದನ್ನು ಮಕ್ಕಳು ಕಲಿಯೋದೇ ಹೀಗೆ.

1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಒಂದು ಪ್ರಯೋಗ ಮಾಡಿದರು. ಕೂಸಿನ ಎದುರು ಸ್ವಲ್ಪ ಹೊತ್ತು ನಗದೆ, ಮಾತಾಡದೆ ಸುಮ್ನೆ ಕೂರಲು ತಾಯಂದಿರಿಗೆ ಹೇಳಿದರು. ಅಮ್ಮನ ಗಮನ ಸೆಳೆಯಲು ಕೂಸುಗಳು ಏನೇನೋ ಮಾಡಿದವು. ಆಗದಿದ್ದಾಗ ಮುಖ ತಿರುಗಿಸಿಕೊಂಡವು. ಒಂದು ಕೈಯಲ್ಲಿ ತುತ್ತು, ಕಣ್ಣು ಮೊಬೈಲ್ ಮೇಲೆ ಇರುವ ಅಪ್ಪನ ಮುಖವೂ ಹಾಗೇ ಇರುತ್ತದೆ. (ನನ್ನದೂ ಸೇರಿ.)

ಹಟ ಅಡಗಿಸಲು ಮೊಬೈಲ್ ಕೊಡೋದು ಇನ್ನೊಂದು ಕಥೆ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 3ರಿಂದ 5 ವರ್ಷದ ಮಕ್ಕಳ 422 ಕುಟುಂಬಗಳನ್ನು ಗಮನಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಸಮಾಧಾನಕ್ಕೆ ಪದೇ ಪದೇ ಮೊಬೈಲ್ ಸಿಕ್ಕ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಮುಂದೆ ರಂಪ ಜಾಸ್ತಿ ಕಂಡಿತು. ಹಟಮಾರಿ ಮಕ್ಕಳಿಗೇ ಮೊಬೈಲ್ ಜಾಸ್ತಿ ಸಿಗುತ್ತದೆ ಅನ್ನೋದೂ ಸುಳ್ಳಲ್ಲ. ಆದರೆ ಅಳು ಬಂದಾಗಲೆಲ್ಲ ಮೊಬೈಲ್ ಬಂದರೆ, ಅಳು ತಾನಾಗೇ ಇಳಿಯುತ್ತದೆ ಅನ್ನೋದು ಮಗುವಿಗೆ ಗೊತ್ತಾಗೋದು ಯಾವಾಗ?

ದಾವಣಗೆರೆಯ ಅಜ್ಜಿಯ ಬಗ್ಗೆ ತಕರಾರಿಲ್ಲ. ಮಗು ನಕ್ಕರೆ ಅವರೂ ನಗುತ್ತಾರೆ, ಬೇಡ ಅಂದರೆ ಯಾಕೆ ಅನ್ನುತ್ತಾರೆ. ಕಾರ್ಟೂನಿನ ಕರಡಿಗೆ ಮಗು ಸಾಕು ಅಂದಿದ್ದು ಕೇಳಿಸಲ್ಲ.